ಎಡ ಹೆಗಲಿನ ದಿಂಬು

ಸೀರೆಯ ಸೆರಗು ಬರುವುದು ಎಡ ಹೆಗಲ ಮೇಲೆ. ನನ್ನ ಎಡ ಹೆಗಲೇ ಬಲಕ್ಕಿಂತ ಕೆಳಗೆ. ರೇಷ್ಮೆ ಸೀರೆ ಅಂಗಡಿಯಲ್ಲಿ ಹೊಟ್ಟೆ ಹೊರೆಯುವವನಿಗೆ ಇದಕ್ಕಿಂತ ದೊಡ್ಡ ತಲೆನೋವು ಬೇಡ.

ಜಯನಗರ ನಾಲ್ಕನೇ ಬ್ಲಾಕಿನ ನಮ್ಮ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸಿದ ಮಾತ್ರಕ್ಕೆ ವ್ಯಾಪಾರ ಕುದುರುತ್ತಿರಲಿಲ್ಲ. ಗಿರಾಕಿ ಒಂದಿಷ್ಟು ಅನುಮಾನಿಸಿದರೆ ಸಾಕು, ನಾವು ಕೂತಿದ್ದ ಬಿಳಿ ಹಾಸಿನ ಗಾದಿಯ ಮೇಲೇ ಎದ್ದು ನಿಂತು, ಪ್ಯಾಂಟು ಷರಟಿನ ಮೇಲೇ ಆ ಸೀರೆ ಸುತ್ತಿ, ನೆರಿಗೆ ಹಿಡಿದು, ಸೆರಗನ್ನು ಎಡ ಹೆಗಲಿಗೆ ಹಾಕಿಕೊಂಡು ಕನ್ನಡಿಯ ಕಡೆ ತಿರುಗಬೇಕು. ಮೀಸೆಯ ಗಂಡಸು ಸೀರೆ ಉಟ್ಟು ನಿಂತದ್ದನ್ನು ನೋಡಿ ಅಲ್ಲಿ ಯಾರೂ ನಗುವುದಿಲ್ಲ. ಹೆಂಗಸರಿಗೆ ಆ ಹೊತ್ತಿನಲ್ಲಿ ನಾವು ಕಾಣಿಸುವುದೇ ಇಲ್ಲ, ಸೀರೆ ಮಾತ್ರ ಕಾಣಿಸುತ್ತದೆ. ನಾನು ಉಟ್ಟು ನಿಂತರೆ ಸೆರಗಿನ ಜರಿ ಬೆನ್ನ ಮೇಲೆ ಸುಕ್ಕಿಲ್ಲದೆ ಇಳಿಯುತ್ತಿತ್ತು. ಜಂಬ ಅಂದುಕೊಂಡರೂ ಸರಿ, ಮದುವೆಯ ಗಿರಾಕಿಗಳು ಮೆಟ್ಟಿಲು ಹತ್ತಿದರೆ ಯಜಮಾನರು ಮೊದಲು ಕಣ್ಣು ಹಾಯಿಸುತ್ತಿದ್ದುದು ನನ್ನ ಕಡೆಗೇ.

ಅವರಿಗೆ ಗೊತ್ತಿಲ್ಲದ ಸಂಗತಿ ನನ್ನ ಷರಟಿನೊಳಗಿತ್ತು. ಬ್ಲೌಸ್ ಪೀಸಿನ ಚೂರುಗಳನ್ನು ಮಡಿಸಿ ಅಂಗೈ ಅಗಲಕ್ಕೆ ಹೊಲಿದ ಒಂದು ಪುಟ್ಟ ದಿಂಬು. ಅದನ್ನು ಬನಿಯನ್ನಿನ ಎಡ ಹೆಗಲಿಗೆ ಪಿನ್ನು ಹಾಕಿ ಕೂರಿಸಿ, ಮೇಲೆ ಷರಟು ತೊಟ್ಟರೆ ಎರಡು ಹೆಗಲೂ ಸಮ ಕಾಣುತ್ತಿದ್ದವು. ಅದಿಲ್ಲದಿದ್ದರೆ ಸೆರಗು ಜಾರಿ ಮೊಣಕೈಗೆ ಬರುತ್ತಿತ್ತು. ಹೊಲಿದುಕೊಟ್ಟವಳು ನನ್ನ ಹೆಂಡತಿ. ಬೆವರಿಗೆ ಚಪ್ಪಟೆಯಾದಾಗಲೆಲ್ಲ ಇನ್ನೊಂದು ಪದರ ಸೇರಿಸಿಕೊಡುವುದೂ ಅವಳೇ.

"ರೀ, ಒಂದ್ಸಲ ಡಾಕ್ಟ್ರಿಗೆ ತೋರಿಸ್ಬಾರ್ದಾ? ಹಿಂಗೇ ದಪ್ಪ ಮಾಡ್ತಾ ಹೋದ್ರೆ ಕೊನೆಗೆ ಹಾಸಿಗೇನೇ ಹೊತ್ಕೊಂಡ್ ಹೋಗ್ಬೇಕಾಗತ್ತೆ" ಎಂದು ರೇಗಿಸುತ್ತಿದ್ದಳು.

"ಮೊದ್ಲು ಸೂಜಿ ದಾರ ನೋಡ್ಕೊಳೇ" ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ.

ಡಾಕ್ಟರಿಗೆ ತೋರಿಸಬೇಕೆಂದರೆ ಅಂಗಿ ತೆಗೆಯಬೇಕು. ನನಗೆ ಅದಾಗದು. ಚಿಕ್ಕವನಿದ್ದಾಗ ಊಟಕ್ಕೆ ಕೂತಾಗಲೆಲ್ಲ ಅಪ್ಪ "ನೆಟ್ಟಗೆ ಕೂತ್ಕೊಳೋ" ಎಂದು ಬೆನ್ನಿಗೊಂದು ಗುದ್ದುತ್ತಿದ್ದರು. ಶಾಲೆಯಲ್ಲಿ ಎಲ್ಲರಿಗೂ ನಾನು ಸೊಟ್ಟ. ಹಾಗಾಗಿ ಇದು ನನ್ನದೇ ಸೋಮಾರಿತನ, ನೆಟ್ಟಗೆ ಕೂರದೆ ಮಾಡಿಕೊಂಡ ಅವಲಕ್ಷಣ ಎಂದೇ ನಂಬಿದ್ದೆ. ಅಂಗಿ ತೆಗೆದು ಒಳಗೆ ಹೋಗಬೇಕಾದ ದೇವಸ್ಥಾನಗಳಿಗೆ ಹೋದರೆ ಎಲ್ಲರ ಚಪ್ಪಲಿ ಕಾಯುವವನು ನಾನು. ಮದುವೆಯಾದ ಮೊದಲ ದೀಪಾವಳಿಗೆ ಮಾವನ ಮನೆಯಲ್ಲಿ ಅಳಿಯನಿಗೆ ಎಣ್ಣೆ ಹಚ್ಚಲು ಮನೆಯವರು ಬಟ್ಟಲು ಹಿಡಿದು ನಿಂತಾಗ, ಜ್ವರ ಬಂದಿದೆ ಎಂದು ಸುಳ್ಳು ಹೇಳಿ ಮುಸುಕು ಹಾಕಿಕೊಂಡು ಮಲಗಿಬಿಟ್ಟೆ. ಹಬ್ಬದ ಹೋಳಿಗೆ ತಪ್ಪಿತು. ಪಾಪ, ಅತ್ತೆ ಗಂಜಿ ಮಾಡಿಕೊಟ್ಟರು.

ನಾನು ಹೇಳಲು ಹೊರಟಿರುವುದು ತೊಂಬತ್ತರ ದಶಕದ ಕೊನೆಗೆ ಬಂದ ಒಂದು ಮದುವೆ ಸೀಸನ್ನಿನ ಮಾತು. ಆಷಾಢವಿಡೀ ನೊಣ ಹೊಡೆದ ಅಂಗಡಿ ಶ್ರಾವಣ ಹುಟ್ಟಿದ್ದೇ ತಡ ಜಾತ್ರೆಯಾಯಿತು. ಬೆಳಿಗ್ಗೆ ಗಾದಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರೆ ಏಳುವುದು ಸೀರೆ ಉಟ್ಟು ತೋರಿಸಲು ಮಾತ್ರ. ನನ್ನ ಕಪಾಟು ಬೆನ್ನಿನ ಬಲಕ್ಕಿತ್ತು. ಪ್ರತಿ ಸೀರೆಗೂ ಸೊಂಟವನ್ನು ಬಲಕ್ಕೇ ತಿರುಚಿ, ಕೈ ಚಾಚಿ, ಡಬ್ಬಿ ಎಳೆದು ತರಬೇಕು. ಮೊದಲು ಸೊಂಟದ ಎಡಭಾಗದಲ್ಲಿ ಹಿಡಿದಂತಾಯಿತು. ಆಮೇಲೆ ಬಲ ಹೆಗಲೆಲುಬಿನ ಕೆಳಗೆ ಉರಿ ಶುರುವಾಯಿತು. ಸಂಜೆ ಬನಶಂಕರಿ ಬಸ್ ನಿಲ್ದಾಣದಿಂದ ಕೋಣನಕುಂಟೆಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗುತ್ತಿರಲಿಲ್ಲ. ಕಂಬಿಗೆ ಜೋತುಬಿದ್ದು ನಿಂತರೇ ಹಿತವಾಗುತ್ತಿತ್ತು.

ಮೆಡಿಕಲ್ ಸ್ಟೋರಿನಲ್ಲಿ ಸೊಂಟದ ಬೆಲ್ಟು ಕೊಂಡೆ. ಬಿಗಿದುಕೊಂಡರೆ ಮೊದಮೊದಲು ಸ್ವರ್ಗ. ಬರಬರುತ್ತಾ ಅದಿಲ್ಲದೆ ಪೇಸ್ಟು ಉಗುಳಲು ಬಗ್ಗುವುದೂ ಕಷ್ಟವಾಯಿತು. ಮೇಲೆ ದಿಂಬು, ಕೆಳಗೆ ಬೆಲ್ಟು. ಷರಟಿನೊಳಗೆ ನಾನು ಎಷ್ಟಿದ್ದೇನೆ, ಸಾಮಾನು ಎಷ್ಟಿದೆ ಎಂದು ನನಗೇ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಇನ್ನೊಂದು ಹುಚ್ಚಾಟವಾಯಿತು. ಹುಟ್ಟುವಾಗ ಕಾಲು ಮುಂದಾಗಿ ಬಂದವರು ತುಳಿದರೆ ಬೆನ್ನು ಹಿಡಿದದ್ದು ಬಿಡುತ್ತದೆ ಎಂಬ ಮಾತು ನಮ್ಮಲ್ಲಿ ಇದೆಯಲ್ಲ, ಅಂಥವರೊಬ್ಬರು ಸುಬ್ರಹ್ಮಣ್ಯಪುರದಲ್ಲಿ ಇದ್ದಾರೆಂದು ಪಕ್ಕದ ಮನೆಯವರು ಹೇಳಿದರು. ದಿನಸಿ ಅಂಗಡಿ ಇಟ್ಟುಕೊಂಡಿದ್ದ ದಢೂತಿ ಮನುಷ್ಯ. ನನಗೆ ಒಪ್ಪಿಗೆಯಾದ ಒಂದೇ ಅಂಶವೆಂದರೆ ಅವರು ಅಂಗಿ ತೆಗೆಯಲು ಹೇಳಲಿಲ್ಲ. ಅಕ್ಕಿ ಮೂಟೆಗಳ ನಡುವೆ ಬೋರಲು ಮಲಗಿಸಿ ಹಿಮ್ಮಡಿಯಿಂದ ತುಳಿದರು. ಮರುದಿನ ಗಾದಿಯ ಮೇಲೆ ಸೀರೆಯುಟ್ಟು ನಿಂತವನು, ಬಿದ್ದ ಪಿನ್ನು ತೆಗೆಯಲು ಬಗ್ಗಿ, ಬಗ್ಗಿದಂತೆಯೇ ಉಳಿದುಬಿಟ್ಟೆ. ಗಿರಾಕಿಗಳ ಎದುರಿಗೆ, ಮೈತುಂಬ ಕೆಂಪು ಸೀರೆ ಸುತ್ತಿಕೊಂಡು! ಜೊತೆಯವರು ಸೀರೆ ಬಿಚ್ಚಿ ನನ್ನನ್ನು ಎತ್ತಿ ಒಳಗೆ ತಂದರು. "ಉಳುಕಿದೆ, ಏನಿಲ್ಲ" ಎಂದೆ. ನಾಚಿಕೆಯಿಂದ ಸತ್ತೇ ಹೋಗಬೇಕು ಅನ್ನಿಸಿತ್ತು.

ಅಂತೂ ಬನಶಂಕರಿಯ ಒಂದು ನರ್ಸಿಂಗ್ ಹೋಮಿಗೆ ಹೆಂಡತಿಯೇ ಆಟೋದಲ್ಲಿ ಹಾಕಿಕೊಂಡು ಹೋದಳು. ಪರದೆಯ ಹಿಂದೆ ನಾನೇ ಅವರ ಗೌನು ತೊಟ್ಟುಬಂದೆ, ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದರೆ, ಕಂಬದಂತೆ ಇರಬೇಕಾದ ಬೆನ್ನುಮೂಳೆ ಮೇಲೆ ಬಲಕ್ಕೆ, ಕೆಳಗೆ ಎಡಕ್ಕೆ ಬಳುಕಿಕೊಂಡು ಹೋಗಿತ್ತು. ಅವರು ಅದರ ಮೇಲೆ ಪೆನ್ಸಿಲ್ಲಿನಿಂದ ಗೆರೆಗಳನ್ನೆಳೆದು ಕೋನ ಅಳೆದರು. ಇದಕ್ಕೆ ಸ್ಕೋಲಿಯೋಸಿಸ್ ಎನ್ನುತ್ತಾರೆ, ನಿಮ್ಮದಕ್ಕೆ ಆಪರೇಷನ್ ಏನೂ ಬೇಡ, ಫಿಸಿಯೋಥೆರಪಿ ಮಾಡಿಸಿ ಎಂದು ಪಕ್ಕದ ಕೋಣೆಗೆ ಕಳಿಸಿದರು.

ಪಕ್ಕದ ಕೋಣೆಯಲ್ಲಿದ್ದವರು ಹೆಂಗಸು. ಬಿಳಿ ಕೋಟಿನ, ನನಗಿಂತ ಚಿಕ್ಕ ವಯಸ್ಸಿನ ಮೇಡಂ. "ಷರ್ಟ್ ತೆಗೀರಿ ಸಾರ್" ಎಂದರು. ದಿನಕ್ಕೆ ನೂರೆಂಟು ಮಡಿಕೆ ಬಿಚ್ಚುವ ಕೈಗೆ ಒಂದು ಗುಂಡಿ ಬಿಚ್ಚಲು ಬರಲಿಲ್ಲ. ಕೊನೆಗೆ ಹೆಂಡತಿ ಬಿಚ್ಚಿದಳು. ಬನಿಯನ್ನಿಗೆ ಅಂಟಿದ್ದ ದಿಂಬನ್ನು ಮೇಡಂ ನೋಡಿದರು, ಬನಿಯನ್ನನ್ನೂ ತೆಗೆಸಿ ಪಕ್ಕಕ್ಕಿಟ್ಟರು. ಪಾದ ಜೋಡಿಸಿ, ಕೈ ಮುಗಿದು ಮುಂದಕ್ಕೆ ಬಗ್ಗಲು ಹೇಳಿದರು. ಬಗ್ಗಿದಾಗ ಬೆನ್ನಿನ ಬಲಭಾಗ ಉಬ್ಬಿ ಮೇಲೆ ಬರುತ್ತದೆ. ಅದನ್ನು ನನ್ನ ಹೆಂಡತಿಯ ಕೈ ಹಿಡಿದು ಮುಟ್ಟಿಸಿ ತೋರಿಸಿದರು.

"ಇದು ಬರೀ ಪಕ್ಕಕ್ಕೆ ವಾಲಿರೋದಲ್ಲ ಸಾರ್. ಒದ್ದೆ ಬಟ್ಟೆ ಹಿಂಡಿದ ಹಾಗೆ ಸ್ವಲ್ಪ ತಿರುಚಿಕೊಂಡೂ ಇದೆ. ಮೂಳೆ ತಿರುಗಿದಾಗ ಪಕ್ಕೆಲುಬೂ ಅದರ ಜೊತೆ ತಿರುಗತ್ತೆ. ಅದಕ್ಕೇ ಈ ಉಬ್ಬು."

"ನಾನು ಚಿಕ್ಕೋನಿದ್ದಾಗ ಸರಿಯಾಗಿ ಕೂತ್ಕೊಳ್ತಾ ಇರ್ಲಿಲ್ಲ ಮೇಡಂ" ಎಂದೆ. ಬಗ್ಗಿಕೊಂಡೇ ಇದ್ದೆ, ಹಾಗಾಗಿ ನೆಲಕ್ಕೆ ಹೇಳಿದಂತಾಯಿತು.

"ಕೂತ್ಕೊಳೋದ್ರಿಂದ ಬರಲ್ಲ ಇದು. ಬೆಳೆಯೋ ವಯಸ್ಸಲ್ಲಿ ಬರತ್ತೆ, ಯಾಕೆ ಅಂತ ಬಹಳಷ್ಟು ಜನರಲ್ಲಿ ಗೊತ್ತೇ ಆಗಲ್ಲ. ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಇರತ್ತೆ. ನಿಮ್ಮ ತಪ್ಪಲ್ಲ, ಎದ್ದೇಳಿ."

ಎದ್ದು ನಿಂತೆ. ಅಪ್ಪನ ಗುದ್ದುಗಳೆಲ್ಲ ಒಟ್ಟಿಗೆ ನೆನಪಾಗಿ ಕಣ್ಣು ತುಂಬಿಕೊಂಡಿತು. ಹೆಂಡತಿ ಗೋಡೆಯ ಮೇಲಿದ್ದ ಅಸ್ಥಿಪಂಜರದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುವವಳಂತೆ ತಿರುಗಿ ನಿಂತಳು.

ನನ್ನ ವಯಸ್ಸಿಗೆ ಮೂಳೆ ಪೂರ್ತಿ ನೆಟ್ಟಗಾಗುವುದಿಲ್ಲ, ಆದರೆ ನೋವು ಇಳಿಸಬಹುದು ಎಂದು ಮೇಡಂ ಬಿಡಿಸಿ ಹೇಳಿದರು. ವಾಲಿದ ಬೆನ್ನನ್ನು ಹಿಡಿದು ನಿಲ್ಲಿಸಲು ಒಂದು ಕಡೆಯ ಸ್ನಾಯುಗಳು ಇಡೀ ದಿನ ದುಡಿದು ದಣಿಯುತ್ತವೆ, ಇನ್ನೊಂದು ಕಡೆಯವು ಮುದುಡಿಕೊಂಡೇ ಇರುತ್ತವೆ. ದಣಿದವಕ್ಕೆ ಬಿಡುವು, ಮುದುಡಿದವಕ್ಕೆ ಚಾಚಲು ಜಾಗ, ಇಷ್ಟೇ ಚಿಕಿತ್ಸೆ. ಬಲ ಮಗ್ಗುಲಾಗಿ ಮಲಗಿ, ಉಬ್ಬಿರುವ ಪಕ್ಕೆಯ ಕೆಳಗೆ ಸುತ್ತಿದ ಟವೆಲ್ ಇಟ್ಟುಕೊಂಡು, ಎಡಗೈ ತಲೆಯ ಮೇಲಕ್ಕೆ ಚಾಚಬೇಕು. ಆಗ ತಗ್ಗಾದ ಎಡ ಪಕ್ಕೆಯ ಮೇಲೆ ಅವರು ಬೆರಳಿಟ್ಟು "ಇಲ್ಲಿಗೆ ಉಸಿರು ಕಳಿಸಿ" ಎನ್ನುತ್ತಿದ್ದರು. ಉಸಿರನ್ನು ಬೇಕಾದ ವಿಳಾಸಕ್ಕೆ ಕಳಿಸಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ಕೆಲವು ದಿನ ಒದ್ದಾಡಿದ ಮೇಲೆ, ಎಂದೂ ಅಲ್ಲಾಡದ ಆ ಎಲುಬುಗಳು ಅವರ ಬೆರಳಿನಡಿ ಏಳತೊಡಗಿದವು. ಬೆಲ್ಟನ್ನು ಮೆಲ್ಲಮೆಲ್ಲನೆ ಬಿಡಿಸಿದರು.

"ಆದ್ರೆ ಇಡೀ ದಿನ ಕಾಲು ಮಡಚಿ ಕೂತು, ಒಂದೇ ಕಡೆ ತಿರುಗ್ತಾ ಇದ್ರೆ ಇಲ್ಲಿ ಮಾಡಿದ್ದೆಲ್ಲ ನೀರಲ್ಲಿ ಹೋಮ. ಎತ್ತರದ ಸ್ಟೂಲ್ ಹಾಕ್ಕೊಳ್ಳಿ. ಆಗಾಗ ಎದ್ದು ಓಡಾಡಿ. ಯಜಮಾನ್ರಿಗೆ ಹೇಳ್ತೀರಾ ಅಲ್ವಾ?"

"ಹೇಳ್ತೀನಿ ಮೇಡಂ" ಎಂದೆ. ಹೇಳಲಿಲ್ಲ.

ನಮ್ಮ ಗಾದಿಯ ಮೇಲೆ ಸ್ಟೂಲು ಇಡುವುದೆಂದರೆ ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಹೋದ ಹಾಗೆ. ಯಜಮಾನರು ಪ್ರತಿ ಬೆಳಿಗ್ಗೆ ಆ ಬಿಳಿ ಹಾಸಿನ ಅಂಚಿಗೆ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಕೈ ಮುಗಿದ ಮೇಲೆಯೇ ನಾವು ಹತ್ತಬೇಕು. ಗಿರಾಕಿಗಳ ಕಡೆ ಕಾಲು ಚಾಚುವಂತಿಲ್ಲ. ಅದೂ ಅಲ್ಲದೆ, ಬೆನ್ನು ಸರಿಯಿಲ್ಲ ಎಂದು ತಿಳಿದರೆ ಮದುವೆಯ ಗಿರಾಕಿಗಳನ್ನು ನನಗೆ ಯಾರು ಕೊಡುತ್ತಾರೆ? ಸೀರೆ ಉಡುವುದೊಂದೇ ನಾನು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದ ಕೆಲಸ. ಹಾಗಾಗಿ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸ್ಟಾಕ್ ರೂಮಿಗೆ ನುಸುಳಿ, ಬಾಗಿಲಿಗೆ ಬಂಡಲು ಅಡ್ಡ ಇಟ್ಟು, ಹಾಸಿದ ಪೇಪರಿನ ಮೇಲೆ ಮಗ್ಗುಲಾಗಿ ಮಲಗಿ ಕದ್ದು ಉಸಿರಾಡುತ್ತಿದ್ದೆ. ಎದ್ದು ಬರುವಾಗ ನೋವು ಇಳಿದಿರುತ್ತಿತ್ತು. ಸಂಜೆಗೆ ಮತ್ತೆ ಅಷ್ಟೇ ಏರುತ್ತಿತ್ತು.

ಹೀಗೆ ತೂಗುಯ್ಯಾಲೆಯಲ್ಲಿದ್ದಾಗ ಒಂದು ಮಧ್ಯಾಹ್ನ ತಾಯಿ ಮಗಳು ಬಂದರು. ಮಗಳೇ ಮದುಮಗಳು, ಧಾರೆ ಸೀರೆ ಬೇಕಾಗಿತ್ತು. ತಾಯಿ ಆ ಸೆಖೆಯಲ್ಲೂ ಸೆರಗನ್ನು ಎರಡೂ ಹೆಗಲಿಗೆ ಹೊದ್ದು ಮುಂದೆ ಬಿಗಿಯಾಗಿ ಹಿಡಿದುಕೊಂಡಿದ್ದರು. ಗರತಿಯರ ರೀತಿ ಅಂದುಕೊಂಡೆ. ಅರಿಸಿನ ಬಣ್ಣದ, ಕೆಂಪು ಅಂಚಿನ ಸೀರೆಯೊಂದು ಇಬ್ಬರಿಗೂ ಹಿಡಿಸಿತು. ನಾನು ಉಟ್ಟು ತೋರಿಸಿದೆ. ಆಮೇಲೆ ಹುಡುಗಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ ಅದೇ ನಮೂನೆಯ ಇನ್ನೊಂದನ್ನು ಅವಳ ಮೇಲೆ ಹಾಕಿದೆವು. ಅಂಚು ಒಂದು ಕಡೆ ನೆಲ ಗುಡಿಸುತ್ತಿತ್ತು, ಇನ್ನೊಂದು ಕಡೆ ಗೆಜ್ಜೆ ಕಾಣುತ್ತಿತ್ತು. ಸೆರಗು ಹೆಗಲಿನ ಮೇಲೆ ನಿಲ್ಲದೆ ಜಾರಿತು. ಎತ್ತಿ ಹಾಕಿದರೆ ಮತ್ತೆ ಜಾರಿತು. ಬಲಗಡೆ ಹೆಗಲೆಲುಬು ಚೂಡಿದಾರದ ಮೇಲೆ ಎದ್ದು ಕಾಣುತ್ತಿತ್ತು. ಇದೇನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ನೆಟ್ಟಗೆ ನಿಂತ್ಕೊಳೇ" ಎಂದರು ತಾಯಿ.

"ನಿಂತಿದೀನಮ್ಮ."

"ಏನ್ ನಿಂತಿದೀಯಾ? ಅವ್ರನ್ನ ನೋಡು, ಗಂಡಸರು! ಅವ್ರ ಮೇಲೆ ಎಷ್ಟ್ ಚೆನ್ನಾಗಿ ಕೂತಿದೆ ಸೆರಗು. ಹೆಗಲು ಎಷ್ಟು ನೆಟ್ಟಗಿಟ್ಕೊಂಡಿದಾರೆ. ನಿನಗೇನು ರೋಗ?"

ಹುಡುಗಿ ಕನ್ನಡಿಯಲ್ಲಿ ನನ್ನ ಹೆಗಲು ನೋಡಿದಳು. ಆಮೇಲೆ ತನ್ನದನ್ನು ನೋಡಿಕೊಂಡು ತಲೆ ತಗ್ಗಿಸಿದಳು.

ಸೇಲ್ಸ್‌ಮನ್ ಬುದ್ಧಿ ನೋಡಿ, ಬಗ್ಗಿ ಅಂಚು ಸಮ ಮಾಡುವ ನೆಪದಲ್ಲಿ ಒಂದು ಪಕ್ಕ ಹೆಚ್ಚು ಸಿಕ್ಕಿಸಿದೆ. ತಾಯಿ ಅವಳ ಬೆನ್ನಿಗೆ ಅಂಗೈಯಿಂದ ಒಂದು ತಟ್ಟು ತಟ್ಟಿ "ಸೆಟೆದು ನಿಲ್ಲು" ಎಂದರು. ಮೆಲ್ಲಗೇ ತಟ್ಟಿದ್ದು. ಆದರೂ ಅದು ನನ್ನ ಬೆನ್ನಿಗೆ ಬಿತ್ತು. ಬ್ಲೌಸ್ ಪೀಸಿನ ಚಿಂದಿ ತುಂಬಿದ ಹೆಗಲನ್ನು ತೋರಿಸಿ ಒಂದು ಹೆಣ್ಣುಮಗುವಿಗೆ ಅವಮಾನ ಮಾಡುತ್ತಿದ್ದಾರೆ, ನಾನು ಆ ಹೆಗಲು ಹೊತ್ತು ಬೊಂಬೆಯಂತೆ ನಿಂತಿದ್ದೇನೆ. ಬದುಕಿನಲ್ಲಿ ನನ್ನ ಬೆನ್ನಿಗಾಗಿ ಬಹಳ ನಾಚಿದ್ದೇನೆ. ಅವತ್ತು ನಾಚಿದ್ದು ಆ ದಿಂಬಿಗಾಗಿ.

ಷರಟಿನ ಮೇಲಿನ ಗುಂಡಿ ತೆಗೆದೆ. ಈ ಸಲ ಬೇರೆ ಯಾರೂ ಬಿಚ್ಚಿಕೊಡಬೇಕಾಗಲಿಲ್ಲ. ಒಳಗೆ ಕೈ ಹಾಕಿ, ಪಿನ್ನು ಬಿಚ್ಚಿ, ದಿಂಬನ್ನು ಎಳೆದು ಗಾದಿಯ ಮೇಲಿಟ್ಟೆ. ಬೆವರಿನಿಂದ ಹಳದಿಗಟ್ಟಿದ್ದ ಅದು ಬಿಳಿ ಹಾಸಿನ ಮೇಲೆ ಬಹಳ ಕೊಳಕಾಗಿ ಕಾಣಿಸಿತು. ನನ್ನ ಮೈಮೇಲಿದ್ದ ಸೆರಗು ಸರಕ್ಕನೆ ಜಾರಿ ಮೊಣಕೈಗೆ ಬಂತು.

"ಅಮ್ಮಾ, ನಂದೂ ನೆಟ್ಟಗಿಲ್ಲ. ಇದನ್ನ ಇಟ್ಕೊಂಡು ಹಂಗೆ ಕಾಣಿಸ್ತಾ ಇದ್ದೆ. ಇವರು ನೆಟ್ಟಗೇ ನಿಂತಿದಾರೆ. ಒಳಗೆ ಮೂಳೆ ಬಾಗಿರತ್ತೆ, ಸೆಟೆದು ನಿಂತ್ರೆ ಸರಿಹೋಗಲ್ಲ. ಒಂದು ಎಕ್ಸ್‌ರೇ ತೆಗೆಸಿ. ನಾನು ಬನಶಂಕರಿಯಲ್ಲಿ ತೋರಿಸ್ತಾ ಇದೀನಿ."

ಗಾದಿಯ ಆ ತುದಿಯ ಗಿರಾಕಿಗಳೂ ತಿರುಗಿ ನೋಡಿದರು. ತಾಯಿಯ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು.

"ಏನ್ರೀ ಇದು! ಮದುವೆ ಸೀರೆ ತಗೊಳೋ ಕಡೆ ಮೂಳೆ ಎಕ್ಸ್‌ರೇ ಅಂತೀರಲ್ರೀ? ನಾಲ್ಕು ಜನ ಕೇಳಿಸ್ಕೊಂಡ್ರೆ ಏನ್ ಗತಿ? ಬಾರೇ, ಹೋಗೋಣ."

ಹುಡುಗಿ ಮೈಮೇಲಿನ ಸೀರೆಯನ್ನು ನಿಧಾನವಾಗಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. "ನಿಮಗೂ ನೋವು ಬರತ್ತಾ?" ಎಂದು ಪಿಸುಗುಟ್ಟಿದಳು.

"ಬರತ್ತಮ್ಮ."

"ನನಗೂ" ಎಂದಳು. ತಾಯಿ ಅವಳ ಕೈ ಹಿಡಿದೆಳೆದುಕೊಂಡು ಮೆಟ್ಟಿಲಿಳಿದರು. ಹೋಗುವಾಗಲೂ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡರು.

ಕೂತಿದ್ದ ಮದುವೆಯ ಗಿರಾಕಿಯನ್ನು ಎಬ್ಬಿಸಿ ಕಳಿಸಿದವನು ನಮ್ಮ ಅಂಗಡಿಯಲ್ಲಿ ನಾನೊಬ್ಬನೇ ಇರಬೇಕು. ಯಜಮಾನರು ಬಂದು ಗಾದಿಯ ಮೇಲಿನ ದಿಂಬನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. ಬೈಯುತ್ತಾರೆ ಎಂದುಕೊಂಡೆ.

"ಇಷ್ಟು ವರ್ಷ ನನಗೊಂದು ಮಾತು ಹೇಳ್ಲಿಲ್ವಲ್ಲಪ್ಪಾ."

"ಹೇಳಕ್ಕಾಗ್ಲಿಲ್ಲ ಸಾರ್. ಡಾಕ್ಟ್ರು ಸ್ಟೂಲ್ ಮೇಲೆ ಕೂತ್ಕೋಬೇಕು ಅಂತಾರೆ."

"ಗಾದಿ ಮೇಲೆ ಸ್ಟೂಲ್ ಇಡಕ್ಕಾಗಲ್ಲ. ಅದೊಂದು ನನ್ನ ಕೇಳ್ಬೇಡ" ಎಂದವರು ದಿಂಬನ್ನು ನನ್ನ ಕೈಗಿಟ್ಟು, "ನಾಳೆಯಿಂದ ಕೆಳಗಡೆ ಮ್ಯಾಚಿಂಗ್ ಕೌಂಟರ್ ನೋಡ್ಕೋ. ಅಲ್ಲಿ ನಿಂತೇ ಮಾಡೋ ಕೆಲಸ" ಎಂದರು.

ಗಾದಿಯಲ್ಲಿ ಕೂತವನಿಗೆ ಮ್ಯಾಚಿಂಗ್ ಕೌಂಟರ್ ಎಂದರೆ ಏನೆಂದು ಬಟ್ಟೆ ಅಂಗಡಿಯವರಿಗೆ ಗೊತ್ತು. ಹೊಸಬರು ಮೊದಲು ನಿಲ್ಲುವ ಜಾಗ. ಸೀರೆಗೆ ಒಪ್ಪುವ ಬಣ್ಣದ ಬ್ಲೌಸ್ ಪೀಸ್ ಹುಡುಕಿ, ಅಳೆದು, ಹರಿದು ಕೊಡುವುದಷ್ಟೇ. ಹಳೆಯ ಗಿರಾಕಿಗಳು "ಅಯ್ಯೋ, ನೀವೇನು ಇಲ್ಲಿ?" ಎಂದು ಕೇಳಿದರೆ ಸುತ್ತಿಟ್ಟ ಬಟ್ಟೆಯ ಥಾನುಗಳ ಹಿಂದೆ ಬಗ್ಗಿ ಏನನ್ನೋ ಹುಡುಕುತ್ತಿದ್ದೆ. ಸಿಟ್ಟು ಬರಿಸುತ್ತಿದ್ದ ಸಂಗತಿಯೆಂದರೆ, ಬೆನ್ನಿಗೆ ಮಾತ್ರ ಅಲ್ಲಿ ಬಹಳ ಸುಖವಾಗಿತ್ತು. ಮೇಡಂ ಹೇಳಿದಂತೆ ಒಂದು ಮಣೆಯ ಮೇಲೆ ಸರದಿಯಂತೆ ಒಂದೊಂದು ಕಾಲಿಟ್ಟು ನಿಲ್ಲುತ್ತಿದ್ದೆ, ಎರಡೂ ಕಡೆಯ ಕಪಾಟುಗಳಿಗೆ ಓಡಾಡುತ್ತಿದ್ದೆ. ಮಧ್ಯಾಹ್ನ ಸ್ಟಾಕ್ ರೂಮಿನ ಬಾಗಿಲಿಗೆ ಬಂಡಲು ಅಡ್ಡ ಇಡುವುದನ್ನು ಬಿಟ್ಟೆ. ನೋವು ಪೂರ್ತಿ ಹೋಗಲಿಲ್ಲ, ಆದರೆ ಕೋಣನಕುಂಟೆಯ ಬಸ್ಸಿನಲ್ಲಿ ಸೀಟು ಸಿಕ್ಕರೆ ಕೂರತೊಡಗಿದೆ. ಹೆಂಡತಿ ದಿಂಬಿನ ಹೊಲಿಗೆ ಬಿಚ್ಚಿ ಒಲೆಯ ಪಾತ್ರೆ ಇಳಿಸುವ ಮಸಿಬಟ್ಟೆ ಮಾಡಿಕೊಂಡಳು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಆ ತಾಯಿ ಬಂದರು. ಒಬ್ಬರೇ. ಅದೇ ರೀತಿ ಎರಡು ಹೆಗಲಿಗೂ ಸೆರಗು. ನಾನು ತಲೆ ತಗ್ಗಿಸಿದೆ. ಅವರು ಚೀಲದಿಂದ ಒಂದು ಸೀರೆ ತೆಗೆದು ಕೌಂಟರಿನ ಮೇಲಿಟ್ಟು "ಇದಕ್ಕೆ ಬ್ಲೌಸ್ ಪೀಸ್" ಎಂದರು. ಬಣ್ಣ ಹೊಂದಿಸಿ ತೋರಿಸಿದೆ. ಒಪ್ಪಿದರು. ಅಳೆದು ಹರಿದೆ. ಪೊಟ್ಟಣ ಕಟ್ಟಿ ಕೌಂಟರಿನ ಮೇಲಿಟ್ಟೆ.

"ಅವತ್ತು ಹೇಳಿದ್ರಲ್ಲ, ಬನಶಂಕರಿಯಲ್ಲಿ. ಅದು ಎಲ್ಲಿ?" ಎಂದರು, ಥಾನುಗಳ ಕಡೆ ನೋಡುತ್ತಾ.

ಬಸ್ ನಿಲ್ದಾಣದಿಂದ ದಾರಿ ಹೇಳಿದೆ. "ಮಗಳನ್ನ ಬೆಳಿಗ್ಗೆ ಹೊತ್ತು ಕರ್ಕೊಂಡ್ ಹೋಗಿ ಅಮ್ಮಾ, ಜನ ಕಮ್ಮಿ ಇರ್ತಾರೆ" ಎಂದೆ.

"ಅವಳು ಗಂಡನ ಜೊತೆ ಅವರ ಮನೆ ಹತ್ರಾನೇ ಎಲ್ಲೋ ಹೋಗ್ತಿದಾಳೆ. ಅವನಿಗೆ ಅವಳೇ ಹೇಳಿಬಿಟ್ಳಂತೆ, ಮದುವೆಗೆ ಮುಂಚೆನೇ. ಅವನು ಏನೂ ಅನ್ಲಿಲ್ಲವಂತೆ."

"ಮತ್ತೆ ಯಾರಿಗೆ ಅಮ್ಮಾ?"

ಅವರು ಹಿಂದೆ ತಿರುಗಿ ನೋಡಿದರು. ಯಾರೂ ಇರಲಿಲ್ಲ. ಪೊಟ್ಟಣಕ್ಕೆಂದು ಕೌಂಟರಿನ ಮೇಲೆ ಬಗ್ಗಿ ಕೈ ಚಾಚಿದಾಗ, ಬಿಗಿಯಾಗಿ ಹಿಡಿದಿದ್ದ ಸೆರಗನ್ನು ಮುಷ್ಟಿಯಿಂದ ಬಿಟ್ಟರು. ಅದು ಬಲ ಹೆಗಲಿನಿಂದ ಜಾರಿತು. ಬೆನ್ನಿನ ಬಲಭಾಗ ನನ್ನದಕ್ಕಿಂತ ಎತ್ತರವಾಗಿ ಉಬ್ಬಿತ್ತು.

"ಅಲ್ಲಿ ಬೆನ್ನು ತೋರಿಸ್ಲೇಬೇಕಾ?" ಎಂದು ಕೇಳಿದರು. ಅವತ್ತು ಮಗಳು ಪಿಸುಗುಟ್ಟಿದ್ದ ಅದೇ ದನಿ.

"ತೋರಿಸ್ಬೇಕಮ್ಮಾ. ನನಗೂ ಗುಂಡಿ ಬಿಚ್ಚೋಕೆ ಕೈ ಬರ್ಲಿಲ್ಲ. ನನ್ನ ಹೆಂಡ್ತಿ ಬಿಚ್ಚಿದ್ಳು. ನೀವು ಮಗಳನ್ನ ಕರ್ಕೊಂಡ್ ಹೋಗಿ."